“ಹಂದಿ ತಿನ್ನದವಳು ಎಂಥ ಕೊಡವತಿ?”

ಪ್ರಶ್ನೆ: ನನಗೆ 26 ವರ್ಷ. ಊರು ವಿರಾಜಪೇಟೆ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಕೆಲವು ತಿಂಗಳಿಂದ ಮಾಂಸ ಬಿಡಬೇಕು ಅನ್ನಿಸುತ್ತಿದೆ. ಯಾಕೆ ಅಂತ ಕೇಳಿದರೆ ಒಂದೇ ಉತ್ತರ ಬರುವುದಿಲ್ಲ. ಒಂದು ದಿನ ಆರೋಗ್ಯ ಅನ್ನುತ್ತೇನೆ. ಇನ್ನೊಂದು ದಿನ ಹೋದ ವರ್ಷ ಮದುವೆಮನೆ ಹಿಂದೆ ಕೇಳಿದ ಹಂದಿಯ ಕೂಗು ನೆನಪಾಗುತ್ತದೆ. ಅವ್ವ “ಹಂದಿ ತಿನ್ನದವಳು ಎಂಥ ಕೊಡವತಿ” ಅಂತ ನಗುತ್ತಾರೆ. ಆ ನಗುವಿನ ಹಿಂದೆ ಬೇಜಾರಿದೆ ಅಂತ ನನಗೆ ಗೊತ್ತು. ಆಯುಧ ಪೂಜೆ ಮಾಡುವ ನಮ್ಮ ಕೈಲ್‌ಪೋದ್ ಹಬ್ಬ ಹತ್ತಿರ ಬರುತ್ತಿದೆ. ಜನ ಮಾಂಸವನ್ನು ಯಾಕೆ ಬಿಡುತ್ತಾರೆ, ಯಾಕೆ ಬಿಡುವುದಿಲ್ಲ? ನನ್ನ ಕಾರಣ ಸಾಕಾ? ಮೈಗೆ ಏನಾದರೂ ತೊಂದರೆ ಆಗುತ್ತಾ?

ಉತ್ತರ: ನಿಮ್ಮ ಕಾರಣ ದಿನಕ್ಕೊಂದು ಆಗುತ್ತಿದೆ ಅಂತ ನಾಚಿಕೆಪಟ್ಟುಕೊಂಡು ಬರೆದಿದ್ದೀರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮಡಿಕೇರಿಯಲ್ಲಿ ಕೂತು ಊಟದ ಸಲಹೆ ಕೊಡಲು ಶುರು ಮಾಡಿ ನನಗೆ ಇಪ್ಪತ್ತು ವರ್ಷ ದಾಟಿತು. ಮಾಂಸ ಬಿಟ್ಟವರು, ಬಿಟ್ಟು ಮತ್ತೆ ಹಿಡಿದವರು, ಬಿಡುತ್ತೇನೆ ಅಂತ ಹತ್ತು ವರ್ಷದಿಂದ ಹೇಳುತ್ತಲೇ ಇರುವವರು, ಎಲ್ಲರನ್ನೂ ನೋಡಿದ್ದೇನೆ. ಒಂದೇ ಕಾರಣ ಇಟ್ಟುಕೊಂಡು ಬಿಟ್ಟವರು ಕಡಿಮೆ. ಹಾಗೆ ಬಿಟ್ಟು ಉಳಿದವರು ಇನ್ನೂ ಕಡಿಮೆ.

ಇದು ಬರೀ ನನ್ನ ಅನುಭವದ ಮಾತಲ್ಲ. ಅಮೆರಿಕದಲ್ಲಿ ಫಾನಾಲಿಟಿಕ್ಸ್ ಅನ್ನುವ ಸಂಸ್ಥೆ 2014ರಲ್ಲಿ ದೊಡ್ಡ ಸಮೀಕ್ಷೆ ಮಾಡಿತ್ತು. ಸಸ್ಯಾಹಾರಕ್ಕೆ ಹೋದವರಲ್ಲಿ ನೂರಕ್ಕೆ 84 ಜನ ಮತ್ತೆ ಮಾಂಸಕ್ಕೆ ಬಂದಿದ್ದರು. ಅವರಲ್ಲಿ ಮೂರರಲ್ಲೊಬ್ಬರು ಮೂರು ತಿಂಗಳೂ ತಡೆದಿರಲಿಲ್ಲ. ವಾಪಸ್ ಬಂದವರಲ್ಲಿ ಬಹಳ ಜನ ಮೊದಲು ಮಾಂಸ ಬಿಟ್ಟಿದ್ದಕ್ಕೆ ಹೇಳಿದ್ದು ಒಂದೇ ಕಾರಣ, ಆರೋಗ್ಯ. ಉಳಿದುಕೊಂಡವರಿಗೆ ಮಾತ್ರ ನಾಲ್ಕಾರು ಕಾರಣ ಇದ್ದವು. ಹಾಗಾಗಿ ಕಾರಣ ಎರಡು ಇದ್ದರೆ ಒಂದನ್ನು ಬಿಸಾಕಬೇಡಿ. ಇಟ್ಟುಕೊಳ್ಳಿ.

ಆದರೆ ಅವ್ವನ ಮುಂದೆ ಆರೋಗ್ಯದ ಮಾತು ತೆಗೆಯಬೇಡಿ. ಆರೋಗ್ಯ ಅಂದರೆ ಅದು ವಾದಕ್ಕೆ ಕೊಟ್ಟ ಆಹ್ವಾನ. “ನಿನ್ನ ಅಜ್ಜ 90 ವರ್ಷ ಹಂದಿ ತಿಂದೇ ಬದುಕಿದರು” ಅನ್ನುತ್ತಾರೆ. ಅಲ್ಲಿಗೆ ನಿಮ್ಮ ಮಾತು ಮುಗಿಯಿತು. “ಹಾಗಾದರೆ ಸ್ವಲ್ಪ ತಿನ್ನು” ಅಂತ ಬಟ್ಟಲಿಗೆ ಎರಡು ತುಂಡು ಬೀಳುತ್ತದೆ. ಅವರ ಮಾತಿನಲ್ಲಿ ಹುರುಳೂ ಇದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದ್ದು ಏನು? ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಗೆ ಕಾರಣ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇದೆ, ಹಂದಿ-ಕುರಿ-ದನದಂಥ ಕೆಂಪು ಮಾಂಸ ‘ಬಹುಶಃ’ ಕಾರಣ, ಅಂತ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್‌ನ ಅಪಾಯ ಈಗಿರುವುದಕ್ಕಿಂತ ನೂರಕ್ಕೆ 18ರಷ್ಟು ಏರುತ್ತದೆ ಅನ್ನುವುದು ಅವರ ಲೆಕ್ಕ. ದಿನಾ, ಅನ್ನುವುದನ್ನು ಗಮನಿಸಿ. ತಿಂಗಳಿಗೆರಡು ಸಲ ಪಂದಿ ಕರಿ ತಿನ್ನುವವರಿಗೆ ಈ ಲೆಕ್ಕ ತೋರಿಸಿ ಹೆದರಿಸುವುದು ಸರಿಯಲ್ಲ. ಒಂದು ಮಾತು ಮಾತ್ರ ನಮ್ಮ ಕಡೆಗೆ ಅನ್ವಯಿಸುತ್ತದೆ. ಸಂಸ್ಕರಿಸಿದ್ದು ಅಂದರೆ ಅಂಗಡಿಯ ಸಾಸೇಜ್ ಮಾತ್ರ ಅಲ್ಲ. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಮಾಂಸವೂ ಆ ಗುಂಪಿಗೇ ಸೇರುತ್ತದೆ. ಮಳೆಗಾಲದಲ್ಲಿ ಅದನ್ನು ಹುರಿದು ಕೊಟ್ಟರೆ ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು!

ಹಂದಿಯ ಕೂಗು ಬೇರೆ ವಿಷಯ. ಅದಕ್ಕೆ ಎದುರು ವಾದ ಇಲ್ಲ. “ಅವ್ವಾ, ನನಗೆ ಮನಸ್ಸು ಬರುತ್ತಿಲ್ಲ” ಅಂದರೆ ಯಾರೂ ಅಂಕಿಅಂಶ ಕೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬಹುದು, ನಗಬಹುದು. ಆದರೆ ಅದು ಸುಳ್ಳು ಅಂತ ಸಾಧಿಸುವುದಕ್ಕೆ ಆಗುವುದಿಲ್ಲ. ನಿಮ್ಮ ಕಾಗದ ಓದಿದರೆ ಅದೇ ನಿಮ್ಮ ನಿಜವಾದ ಕಾರಣ ಅಂತ ನನಗೆ ಅನ್ನಿಸಿತು. ಆರೋಗ್ಯವನ್ನು ಅದರ ಮೇಲೆ ಹೊದಿಸಿದ್ದೀರಿ, ಯಾಕೆಂದರೆ ಪಾಪ ಅನ್ನಿಸಿತು ಅಂತ ಹೇಳಿದರೆ ಜನ ಮೆತ್ತಗಿನವಳು ಅಂದುಕೊಳ್ಳುತ್ತಾರೆ.

ಈಗ ಬೇರೆಯವರ ಕಾರಣ. ನಮ್ಮ ದೇಶದಲ್ಲಿ ಬಹಳ ಜನ ಸಸ್ಯಾಹಾರಿಗಳು ಆಯ್ಕೆ ಮಾಡಿ ಆದವರಲ್ಲ, ಹಾಗೇ ಹುಟ್ಟಿದವರು. ಜಾತಿ, ಮಡಿ, ದೇವರು ಎಲ್ಲ ಸೇರಿಕೊಂಡಿದೆ. ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಹೊರತಂದ ವರದಿಯಲ್ಲಿ ನೂರಕ್ಕೆ 39 ಭಾರತೀಯರು ತಾವು ಸಸ್ಯಾಹಾರಿಗಳು ಅಂದಿದ್ದರು. ಅದಕ್ಕಿಂತ ನನಗೆ ಕುತೂಹಲ ಅನ್ನಿಸಿದ್ದು ಇನ್ನೊಂದು ಸಂಖ್ಯೆ. ನೂರಕ್ಕೆ 81 ಜನ ಒಂದಲ್ಲ ಒಂದು ರೀತಿಯಲ್ಲಿ ಮಾಂಸಕ್ಕೆ ಮಿತಿ ಹಾಕಿಕೊಂಡಿದ್ದರು. ಸೋಮವಾರ ಬೇಡ, ಶನಿವಾರ ಬೇಡ, ದನ ಬೇಡ, ಹಂದಿ ಬೇಡ. ಅಂದರೆ ನಮ್ಮಲ್ಲಿ ‘ತಿನ್ನುವವರು’ ಮತ್ತು ‘ತಿನ್ನದವರು’ ಅಂತ ಎರಡೇ ಗುಂಪು ಇಲ್ಲ. ನಡುವೆ ದೊಡ್ಡ ಬಯಲೇ ಇದೆ. ಹೆಚ್ಚಿನವರು ಅಲ್ಲೇ ಓಡಾಡಿಕೊಂಡಿದ್ದಾರೆ.

ಹೆಂಗಸರು-ಗಂಡಸರ ವ್ಯತ್ಯಾಸವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಗಂಡಸರಲ್ಲಿ ನೂರಕ್ಕೆ ಸುಮಾರು 83 ಜನ ಮೀನು, ಕೋಳಿ ಅಥವಾ ಮಾಂಸ ತಿನ್ನುತ್ತಾರೆ. ಹೆಂಗಸರಲ್ಲಿ ಸುಮಾರು 71. ವ್ರತ ಹಿಡಿಯುವವರು ಹೆಂಗಸರು, ಹೋಟೆಲಿಗೆ ಹೋಗಿ ಸದ್ದಿಲ್ಲದೆ ತಿಂದು ಬರುವವರು ಗಂಡಸರು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಇದು ನನ್ನ ಊಹೆ, ಸಮೀಕ್ಷೆಯದ್ದಲ್ಲ.

ಬಿಡದಿರುವವರ ಕಾರಣವನ್ನೂ ಸರಿಯಾಗಿ ನೋಡಬೇಕು. ಎಲ್ಲವನ್ನೂ ‘ನಾಲಿಗೆ ಚಪಲ’ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ ಹೆಂಗಸಿಗೆ ಒಣಮೀನು ಚಪಲ ಅಲ್ಲ. ಕೆಡದೆ ಇಡಬಹುದಾದ, ಗಂಜಿಗೆ ರುಚಿ ಕೊಡುವ, ಅವಳ ಕೈಗೆಟುಕುವ ಪ್ರೋಟೀನ್ ಅದು. ಅವಳ ಮುಂದೆ ಪನೀರ್ ಮಾತಾಡಿದರೆ ಅವಳು ನಗಬಾರದೇ? ಇನ್ನು ಕೆಲವರು ಬಿಡದಿರುವುದು ಮಾನದ ಪ್ರಶ್ನೆಯಿಂದ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ‘ವೆಜ್‌ನವರಿಗೆ ಮಾತ್ರ’ ಅನ್ನುವ ಬೋರ್ಡಿನ ಅರ್ಥ ಏನು ಅಂತ. ಮಾಂಸ ತಿನ್ನುವವರು ಕೀಳು ಅಂತ ತಲೆತಲಾಂತರದಿಂದ ಕೇಳಿಸಿಕೊಂಡವರಿಗೆ ಮಾಂಸ ಬಿಡುವುದು ಆ ಮಾತಿಗೆ ತಲೆ ಬಾಗಿಸಿದಂತೆ ಕಾಣುತ್ತದೆ. ನಿಮ್ಮ ಅವ್ವನ ಬೇಜಾರಿನಲ್ಲೂ ಇದರ ಒಂದು ಎಳೆ ಇರಬಹುದು. ‘ನಮ್ಮ ಊಟ ಮಗಳಿಗೆ ಹೇಸಿಗೆ ಆಯಿತಾ?’ ಅನ್ನುವ ಭಯ. ಅದನ್ನು ಮೊದಲು ಬಿಡಿಸಿ ಹೇಳಿ.

ಧರ್ಮ ಒಂದೇ ಆದರೆ ಊಟ ಒಂದೇ ಆಗುತ್ತದೆ ಅಂತಲೂ ಇಲ್ಲ. ಕುಶಾಲನಗರ ದಾಟಿದರೆ ಬೈಲಕುಪ್ಪೆ. ಅಹಿಂಸೆ ಹೇಳುವ ಟಿಬೆಟನ್ ಬೌದ್ಧರ ಊರು, ಆದರೆ ಮಾಂಸದ ಮೋಮೋ ಸಿಗುತ್ತದೆ. ಟಿಬೆಟ್‌ನ ಎತ್ತರದ ಚಳಿನೆಲದಲ್ಲಿ ತರಕಾರಿ ಬೆಳೆಯುವುದೇ ಕಷ್ಟ, ಹಾಗಾಗಿ ಮಾಂಸ ಅವರ ಊಟವಾಯಿತು. ದಲೈ ಲಾಮಾ ಅವರೇ 1960ರ ದಶಕದಲ್ಲಿ ಮಾಂಸ ಬಿಟ್ಟಿದ್ದರು. ಆಮೇಲೆ ಕಾಮಾಲೆ ಬಂದು, ವೈದ್ಯರು ಹೇಳಿದ ಮೇಲೆ ಮತ್ತೆ ತಿಂದರು. ಅದನ್ನು ಅವರು ಮುಚ್ಚಿಟ್ಟಿಲ್ಲ, ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

ಪರಿಸರಕ್ಕಾಗಿ ಬಿಡುವವರು ಈಚೆಗೆ ಜಾಸ್ತಿಯಾಗಿದ್ದಾರೆ, ಹೆಚ್ಚಿನವರು ನಿಮ್ಮ ವಯಸ್ಸಿನವರೇ. ಮನುಷ್ಯರಿಂದಾಗುವ ಹಸಿರುಮನೆ ಅನಿಲದಲ್ಲಿ ನೂರಕ್ಕೆ 14.5 ಪಾಲು ಜಾನುವಾರು ಸಾಕಣೆಯಿಂದ ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2013ರಲ್ಲಿ ಲೆಕ್ಕ ಹಾಕಿತ್ತು. ಆದರೆ ಅದರಲ್ಲಿ ಮೂರನೇ ಎರಡರಷ್ಟು ದನಗಳದ್ದು, ಮಾಂಸಕ್ಕೂ ಹಾಲಿಗೂ ಸೇರಿ. ಹಂದಿಯ ಪಾಲು ನೂರಕ್ಕೆ 9ರ ಆಸುಪಾಸು. ಹಂದಿ ಬಿಟ್ಟು ದಿನಾ ಪನೀರ್, ತುಪ್ಪ ಅಂತ ಹೊರಟರೆ ಆ ಲೆಕ್ಕದಲ್ಲಿ ನೀವು ಗೆದ್ದಿರಿ ಅಂತ ನನಗೆ ಹೇಳುವುದಕ್ಕೆ ಆಗುವುದಿಲ್ಲ.

ಇನ್ನು ನಿಮ್ಮ ಮೈಯ ಪ್ರಶ್ನೆ. ಇಲ್ಲಿ ನನ್ನದೇ ಕಥೆ ಹೇಳಬೇಕು.

ಮೂವತ್ತರ ಹೊತ್ತಿಗೆ ನಾನೂ ಮಾಂಸ, ಮೊಟ್ಟೆ ಎಲ್ಲ ಬಿಟ್ಟಿದ್ದೆ. ಹಾಲು ನನಗೆ ಮೊದಲಿಂದ ಆಗದು. ಬೆಳಿಗ್ಗೆ ಬೆಲ್ಲದ ಕಾಫಿ, ಸಂಜೆ ಬೆಲ್ಲದ ಕಾಫಿ, ಎರಡೂ ಕಪ್ಪಗೆ. ಮೊಸರು ಯಾವಾಗಲೋ ಒಮ್ಮೆ. ಮೂರೂವರೆ ವರ್ಷ ಆರಾಮಾಗಿದ್ದೆ. ಆಮೇಲೆ ಪಾದದಲ್ಲಿ ಏನೋ ಒಂಥರಾ. ಹತ್ತಿಯ ಮೇಲೆ ನಡೆದ ಹಾಗೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು. ಬಂದವರಿಗೆಲ್ಲ ರಕ್ತಪರೀಕ್ಷೆ ಬರೆದುಕೊಡುವ ನಾನು ನನ್ನದನ್ನು ಮಾಡಿಸಿರಲಿಲ್ಲ. ವಿಟಮಿನ್ ಬಿ12 ಪ್ರಮಾಣ 110 ಬಂತು. 200ಕ್ಕಿಂತ ಕೆಳಗೆ ಹೋದರೆ ಕೊರತೆ ಅನ್ನುತ್ತೇವೆ. ವಾರಗಟ್ಟಲೆ ಇಂಜೆಕ್ಷನ್ ಚುಚ್ಚಿಸಿಕೊಂಡೆ. ನಾಚಿಕೆಯಿಂದ ಬೇರೆ ಊರಿನ ಲ್ಯಾಬಿಗೆ ಹೋಗಿದ್ದೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಮೂರೂವರೆ ವರ್ಷ ಯಾಕೆ ಏನೂ ಆಗಲಿಲ್ಲ? ಬಿ12 ಲಿವರ್‌ನಲ್ಲಿ ಕೂಡಿಟ್ಟಿರುತ್ತದೆ, ವರ್ಷಗಟ್ಟಲೆ ಬರುತ್ತದೆ. ಅದಕ್ಕೇ “ಬಿಟ್ಟು ಒಂದು ವರ್ಷ ಆಯಿತು, ನನಗೇನೂ ಆಗಿಲ್ಲ” ಅನ್ನುವ ಮಾತಿಗೆ ಬೆಲೆಯಿಲ್ಲ. ದಿನಕ್ಕೆ ಬೇಕಾಗಿರುವುದು ಎರಡು, ಎರಡೂವರೆ ಮೈಕ್ರೋಗ್ರಾಂ ಅಷ್ಟೇ. ಆದರೆ ಅದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಮಾತ್ರ ಸಿಗುತ್ತದೆ. ಸೊಪ್ಪಿನಲ್ಲಿಲ್ಲ, ಬೇಳೆಯಲ್ಲಿಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ, ಸ್ಪಿರುಲಿನಾ ಅನ್ನುವ ಪಾಚಿಯ ಮಾತ್ರೆ ಸಾಕು ಅಂತೆಲ್ಲ ಮೊಬೈಲಿನಲ್ಲಿ ಓಡಾಡುತ್ತದೆ, ಅದನ್ನು ನಂಬಿಕೊಂಡು ಕೂರಬೇಡಿ. ದಿನಕ್ಕೆ ಎರಡು ಲೋಟ ಹಾಲು-ಮೊಸರು, ಒಂದು ಮೊಟ್ಟೆ ಇದ್ದರೆ ಹೆಚ್ಚುಕಡಿಮೆ ನಡೆಯುತ್ತದೆ. ಮೊಟ್ಟೆ, ಹಾಲು ಎರಡನ್ನೂ ಬಿಡುವುದಾದರೆ ಮಾತ್ರೆ ಬೇಕೇ ಬೇಕು. ಅದರಲ್ಲಿ ಚೌಕಾಸಿ ಇಲ್ಲ.

ಈಗಲೇ, ಬಿಡುವ ಮೊದಲೇ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12 ಮೂರನ್ನೂ ಒಮ್ಮೆ ನೋಡಿಸಿ. ಆರು ತಿಂಗಳು, ವರ್ಷ ಬಿಟ್ಟು ಮತ್ತೊಮ್ಮೆ. ಮದುವೆ, ಮಗು ಅಂತ ಮುಂದೆ ಯೋಚನೆ ಇದ್ದರೆ ಇದು ಇನ್ನೂ ಮುಖ್ಯ.

ಕಬ್ಬಿಣದ ವಿಷಯದಲ್ಲಿ ಕೊಡಗಿನವರಿಗೆ ಒಂದು ವಿಶೇಷ ತೊಂದರೆ. ಕಾಫಿ! ಮಾಂಸದ ಕಬ್ಬಿಣವನ್ನು ಮೈ ಸುಲಭವಾಗಿ ಹೀರಿಕೊಳ್ಳುತ್ತದೆ. ಸೊಪ್ಪು-ಬೇಳೆಯ ಕಬ್ಬಿಣಕ್ಕೆ ಅಡ್ಡಿ ಜಾಸ್ತಿ, ಅದರಲ್ಲಿ ಕಾಫಿ-ಟೀ ದೊಡ್ಡ ಅಡ್ಡಿ. ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಒಳಗೆ ಹೋಗಬೇಕಾದ ಕಬ್ಬಿಣದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ನಷ್ಟವಾಗಬಹುದು. ಊಟವಾಗಿ ಒಂದು ಗಂಟೆಗೆ ಕುಡಿದರೂ ಅಷ್ಟೇ ಅಡ್ಡಿ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಮಾತ್ರ ತೊಂದರೆ ಕಾಣಲಿಲ್ಲ ಅಂತ ಪ್ರಯೋಗ ಮಾಡಿದವರು ಹೇಳುತ್ತಾರೆ. ಒಟ್ಟಿ (ಅಕ್ಕಿ ರೊಟ್ಟಿ) ತಿನ್ನುತ್ತಾ ಕಾಫಿ ಹೀರುವ ಅಭ್ಯಾಸ ಇದ್ದರೆ ಅದನ್ನು ಬಿಡುವುದು ಹಂದಿ ಬಿಡುವುದಕ್ಕಿಂತ ಕಷ್ಟ ಅಂತ ನಿಮಗೇ ಗೊತ್ತಾಗುತ್ತದೆ. ನಿಮ್ಮ ವಯಸ್ಸಿನ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಗಂಡಸರಿಗೆ 19. ಊಟದ ಜೊತೆ ಕಾಫಿ ಬಿಟ್ಟು ನಿಂಬೆಹಣ್ಣು ಹಿಂಡಿದ ಪಲ್ಯ, ಒಂದು ಕಿತ್ತಳೆ ಇಟ್ಟುಕೊಳ್ಳಿ. ಹುಳಿ ಕಬ್ಬಿಣಕ್ಕೆ ದಾರಿ ಮಾಡಿಕೊಡುತ್ತದೆ.

ಪ್ರೋಟೀನ್ ಬಗ್ಗೆ ಜನ ಹೆದರುವಷ್ಟು ಹೆದರಬೇಕಾಗಿಲ್ಲ. ಆದರೆ ಒಂದು ಮೋಸ ಇದೆ. ಕೊಡಗಿನ ಅಡುಗೆಮನೆಯಲ್ಲಿ ಮಾಂಸವಿಲ್ಲದ ರುಚಿಗೆ ಬರವಿಲ್ಲ. ಕುಮ್ಮು (ಅಣಬೆ) ಕರಿ, ಬೈಂಬಳೆ (ಕಳಲೆ) ಕರಿ, ಕೆಸುವಿನ ಪದಾರ್ಥ, ಹಲಸಿನ ಗುಜ್ಜೆ, ಕಾಡುಮಾವಿನ ಕರಿ. ಎಲ್ಲವೂ ಚೆನ್ನ. ಆದರೆ ಕಳಲೆಯಲ್ಲಿ, ಗುಜ್ಜೆಯಲ್ಲಿ, ಅಣಬೆಯಲ್ಲಿ ನೂರು ಗ್ರಾಂಗೆ ಎರಡು ಮೂರು ಗ್ರಾಂ ಪ್ರೋಟೀನ್ ಇದ್ದರೆ ಹೆಚ್ಚು. ಅಷ್ಟೇ ತೂಕದ ಹಂದಿಮಾಂಸದಲ್ಲಿ, ಕೊಬ್ಬು ಎಷ್ಟಿದೆ ಅನ್ನುವುದರ ಮೇಲೆ, 15ರಿಂದ 20 ಗ್ರಾಂ. ಗುಜ್ಜೆ ಮಾಂಸದ ಹಾಗೆ ನಾರುನಾರಾಗಿ ಬಂದ ಮಾತ್ರಕ್ಕೆ ಮಾಂಸದ ಕೆಲಸ ಮಾಡುವುದಿಲ್ಲ. ಮಳೆಯ ನಾಡು, ಭತ್ತ ಮತ್ತು ಕಾಫಿಯ ನಾಡು ನಮ್ಮದು. ಬೇಳೆಕಾಳಿಗೆ ಬಯಲುಸೀಮೆಯಷ್ಟು ಜಾಗ ನಮ್ಮ ಅಡುಗೆಯಲ್ಲಿಲ್ಲ. ಅಲ್ಲಿ ಮಾಂಸ ಬಿಟ್ಟವರಿಗೆ ಹುರುಳಿ, ಅವರೆ, ಕಡಲೆ ಕಾದಿರುತ್ತದೆ. ನಮ್ಮಲ್ಲಿ ಮಾಂಸ ಬಿಟ್ಟರೆ ಉಳಿಯುವುದು ಅಕ್ಕಿ ಮತ್ತು ತರಕಾರಿ. ಕಾಳನ್ನು ನೀವೇ ನೆನಪಿಟ್ಟು ಒಳಗೆ ತರಬೇಕು.

ಎಷ್ಟು? ನೀವು 55 ಕೆಜಿ ಇದ್ದರೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಸಾಕು. ದಿನದ ಅಕ್ಕಿಯಲ್ಲೇ ಹದಿನೈದು ಗ್ರಾಂ ಬರುತ್ತದೆ. ಎರಡು ಲೋಟ ಹಾಲು-ಮೊಸರಲ್ಲಿ ಹದಿಮೂರು, ಒಂದು ಬಟ್ಟಲು ಬೇಳೆಯಲ್ಲಿ ಏಳು, ಒಂದು ಮೊಟ್ಟೆಯಲ್ಲಿ ಆರು, ಒಂದು ಮುಷ್ಟಿ ಕಡಲೆಯಲ್ಲಿ ಆರು. ಆಯಿತಲ್ವಾ. ಮೊಟ್ಟೆ ಬೇಡವಾದರೆ ಬೇಳೆ ಎರಡು ಬಟ್ಟಲಾಗಲಿ.

ಕೊನೆಗೆ ಅವ್ವನ ಪ್ರಶ್ನೆ. ಹಂದಿ ತಿನ್ನದವಳು ಎಂಥ ಕೊಡವತಿ? ಕೊಡಗಿನಲ್ಲೇ ‘ಅಮ್ಮ ಕೊಡವರು’ ಅನ್ನುವ ಸಮುದಾಯದವರು ಮಾಂಸ ಮುಟ್ಟುವುದಿಲ್ಲ. ಅವರು ಕೊಡಗಿನವರಲ್ಲ ಅಂತ ಯಾರಾದರೂ ಅನ್ನುತ್ತಾರಾ? ಕಾವೇರಿ ಚಂಗ್ರಾಂದಿ (ತುಲಾ ಸಂಕ್ರಮಣ) ದಿನ ನಿಮ್ಮ ಮನೆಯಲ್ಲೂ ಮಾಂಸ ಬೇಯುವುದಿಲ್ಲ, ದೋಸೆ ಮತ್ತು ಕುಂಬಳದ ಕರಿ. ಊರ ದೇವರ ಹಬ್ಬದ ಕಟ್ಟು (ನೇಮ) ಬಿದ್ದಾಗಲೂ ಇಲ್ಲ. ಮಾಂಸವಿಲ್ಲದ ದಿನಗಳು ಈ ಪದ್ಧತಿಯ ಒಳಗೇ ಇವೆ. ಇನ್ನು ಪಂದಿ ಅಂದರೆ ಹಿಂದೆ ಕಾಡುಹಂದಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬರಬರುತ್ತಾ ಬೇಟೆ ನಿಂತಿತು (ಕಾನೂನಿನ ಪ್ರಕಾರ, ಅಂದೆ). ಸಾಕಿದ ಹಂದಿ ಬಟ್ಟಲಿಗೆ ಬಂತು. ಆಗಲೂ ಹಳಬರು ‘ಇದೆಂಥ ಪಂದಿ’ ಅಂತ ಮೂಗು ಮುರಿದಿರಬೇಕು.

ಆದರೆ ಇದನ್ನೆಲ್ಲ ವಾದವಾಗಿ ಹೂಡಬೇಡಿ. ಅವ್ವನಿಗೆ ಬೇಕಾಗಿರುವುದು ಇತಿಹಾಸ ಅಲ್ಲ. ಕೈಲ್‌ಪೋದ್ ದಿನ ನೆಲ್ಲಕ್ಕಿ (ನಡುಮನೆ) ದೀಪದ ಮುಂದೆ ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಮಗಳು ಪಕ್ಕದಲ್ಲಿ ಇರುತ್ತಾಳಾ, ಅದು ಬೇಕು. ಇಡುವ ಎಲೆ ಬೇರೆ, ನೀವು ಉಣ್ಣುವ ಎಲೆ ಬೇರೆ. ಕಾರಣವರಿಗೆ ಅವರು ಉಂಡದ್ದನ್ನೇ ಇಡಲಿ. ಅದನ್ನು ತಡೆಯಬೇಕು ಅಂತ ನಿಮಗೆ ಅನ್ನಿಸುತ್ತಿದೆ ಅಂತ ನೀವು ಬರೆದಿಲ್ಲ. ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ, ಕಡಂಬುಟ್ಟಿನ ಅಕ್ಕಿ ಉಂಡೆ ಕಟ್ಟಿ, ಬಡಿಸುವ ಕೆಲಸಕ್ಕೆ ನಿಲ್ಲಿ. ಸೌಟು ಬದಲಾಯಿಸಿ ಅಂತ ಹಬ್ಬದ ದಿನ ಜಗಳ ತೆಗೆಯಬೇಡಿ, ನಿಮ್ಮ ಪಾತ್ರೆಗೆ ಒಂದು ಸೌಟು ನೀವೇ ತೆಗೆದಿಟ್ಟುಕೊಳ್ಳಿ. ಹಬ್ಬಕ್ಕೆ ಎರಡು ವಾರ ಮೊದಲೇ ಫೋನಿನಲ್ಲಿ ಹೇಳಿಬಿಡಿ. ಎಲೆ ಮುಂದೆ ಕೂತ ಮೇಲೆ ಬೇಡ ಅಂದರೆ ಅದು ಅಡುಗೆಗೆ ಮಾಡಿದ ಅವಮಾನ ಅನ್ನಿಸುತ್ತದೆ.

ಮೀನು-ಮೊಟ್ಟೆ ಇಟ್ಟುಕೊಂಡು ಹಂದಿ-ಕುರಿ ಮಾತ್ರ ಬಿಡುವುದು ಮೋಸ ಅಂತ ಕೆಲವರು ಹೇಳುತ್ತಾರೆ. ನಾನು ಈಗ ಅದೇ ಮಾಡುತ್ತಿದ್ದೇನೆ. ಯಾರಿಗೆ ಮೋಸ?

ಇನ್ನೊಂದು ಮಾತು. ಮಾಂಸ ಬಿಟ್ಟ ಮೇಲೆ ಎರಡನೇ ತಿಂಗಳಿಗೆ ಒಂದು ಹಂಬಲ ಬರುತ್ತದೆ. ಬಹಳ ಸಲ ಅದು ಮಾಂಸದ್ದಲ್ಲ, ಮಸಾಲೆಯದ್ದು. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಕಾಳುಮೆಣಸು ಕಪ್ಪಗಾಗುವ ತನಕ ಹುರಿದು ಪುಡಿ ಮಾಡಿದ ಆ ವಾಸನೆ, ಮೇಲಿಂದ ಕಾಚಂಪುಳಿಯ (ಹಣ್ಣಿನ ರಸ ಕಾಯಿಸಿ ಮಾಡುವ ಕೊಡಗಿನ ಕಪ್ಪು ಹುಳಿರಸ) ಹುಳಿ. ಬೆಂಗಳೂರಿಗೆ ಹೋಗುವಾಗ ಅವ್ವನ ಹತ್ತಿರ ಆ ಪುಡಿಯ ಒಂದು ಡಬ್ಬಿ, ಕಾಚಂಪುಳಿಯ ಒಂದು ಸಣ್ಣ ಬಾಟ್ಲಿ ಕೇಳಿ ತೆಗೆದುಕೊಳ್ಳಿ. ಕೇಳಿದರೆ ಅವರಿಗೂ ಸಮಾಧಾನ. ಪೇಟೆಯಲ್ಲಿ ಸಿಗುವ ಅಣಬೆ ಅರ್ಧ ಕೆಜಿ, ಮುಷ್ಟಿಯಷ್ಟು ಬೇಯಿಸಿದ ಕಪ್ಪು ಕಡಲೆ, ಈರುಳ್ಳಿ, ಬೆಳ್ಳುಳ್ಳಿ. ಅಣಬೆ ನೀರು ಬಿಟ್ಟು, ಆ ನೀರು ಇಂಗಿದ ಮೇಲೆ ಪುಡಿ ಹಾಕಿ. ಕಾಚಂಪುಳಿ ಒಂದು ಚಿಕ್ಕ ಚಮಚ ಸಾಕು, ಒಲೆ ಆರಿಸುವ ಸ್ವಲ್ಪ ಮೊದಲು. ಮೊದಲೇ ಹಾಕಿದರೆ ಹುಳಿ ಮೇಲಾಗಿ ಮಸಾಲೆ ಸತ್ತುಹೋಗುತ್ತದೆ.